ಪೂರ್ವ ವೇದ ಕಾಲದ ಸಮಾಜ, ಸಂಸ್ಕೃತಿ ಬಗ್ಗೆ ಪ್ರಬಂಧ ಪ್ರಶ್ನೆ ಬಂದರೆ ಹೇಗೆ ಬರೆಯಬೇಕು?

ನೋಟ್ಸ್ ಬಾಯಿಪಾಠ ಮಾಡಿದರೆ ಸಾಕಾ ಅಂತ ಕೇಳಿದ್ದೀರಿ. ಡಿಗ್ರಿ ಮಕ್ಕಳಿಗೆ ಇತಿಹಾಸ ಪಾಠ ಮಾಡುವವನಾಗಿ ಹೇಳುತ್ತೇನೆ, ಸಾಲದು. ನೀವು ಬರೆಯುವ ಪ್ರತಿ ಮುಖ್ಯ ಮಾತಿಗೂ ಋಗ್ವೇದದಿಂದಲೇ ಒಂದು ಆಧಾರ ಕೊಡಿ. ಅಂಕ ಬರುವುದು ಅಲ್ಲೇ.

ಮೊದಲು ಕಾಲ ಗಟ್ಟಿ ಮಾಡಿಕೊಳ್ಳಿ: ಸುಮಾರು ಕ್ರಿ.ಪೂ. 1500ರಿಂದ 1000. ಕಬ್ಬಿಣ, ಭತ್ತ, ಗಂಗಾ ಬಯಲಿನ ರಾಜ್ಯಗಳು ಉತ್ತರ ವೇದ ಕಾಲದವು. ಅವನ್ನು ಇಲ್ಲಿ ತುರುಕಬೇಡಿ. ಋಗ್ವೇದದ ಜನ ಸಪ್ತಸಿಂಧು ಸೀಮೆಯವರು, ಅಂದರೆ ಸಿಂಧು ಮತ್ತು ಪಂಜಾಬಿನ ನದಿಗಳ ಕಡೆಯವರು. ಜವೆ ಬೆಳೆಯುತ್ತಿದ್ದರು. ದನಕರುಗಳೇ ದೊಡ್ಡ ಆಸ್ತಿ.

ವರ್ಣದ ಬಗ್ಗೆ ಎಚ್ಚರಿಕೆಯಿಂದ ಬರೆಯಿರಿ. ಋಗ್ವೇದದ 9ನೇ ಮಂಡಲದ (ಭಾಗದ) 112ನೇ ಸೂಕ್ತದಲ್ಲಿ (ಸ್ತುತಿಪದ್ಯದಲ್ಲಿ) ಒಬ್ಬ ತಾನು ಕವಿ, ಅಪ್ಪ ವೈದ್ಯ, ಅಮ್ಮ ಕಾಳು ಬೀಸುವವಳು ಅನ್ನುತ್ತಾನೆ. ಒಂದೇ ಮನೆಯಲ್ಲಿ ಮೂರು ಕಸುಬು! ಹುಟ್ಟಿನಿಂದ ಕಸುಬು ಇನ್ನೂ ಗಟ್ಟಿಯಾಗಿರಲಿಲ್ಲ ಅನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? ನಾಲ್ಕು ವರ್ಣಗಳು ಒಟ್ಟಿಗೆ ಬರುವುದು 10ನೇ ಮಂಡಲದ ಪುರುಷಸೂಕ್ತದಲ್ಲಿ ಮಾತ್ರ. ಆ ಮಂಡಲ ಆಮೇಲೆ ಸೇರಿದ್ದು, 2ರಿಂದ 7ನೇ ಮಂಡಲಗಳು ಹಳೆಯವು ಅಂತ ವಿದ್ವಾಂಸರು ಹೇಳುತ್ತಾರೆ. ಹಾಗಂತ ಎಲ್ಲರೂ ಸಮಾನರಾಗಿದ್ದರು ಅಂತ ಬರೆಯಬೇಡಿ. ತ್ರಸದಸ್ಯು ಎಂಬ ರಾಜ 50 ಹೆಣ್ಣುಗಳನ್ನು ದಾನ ಕೊಟ್ಟ ಮಾತು 8ನೇ ಮಂಡಲದಲ್ಲಿದೆ.

ಹೆಂಗಸರ ಸ್ಥಾನ ಅಂದ ತಕ್ಷಣ ಎಲ್ಲರೂ ಸೂಕ್ತಗಳ ಋಷಿಗಳೆನಿಸಿದ ಲೋಪಾಮುದ್ರೆ, ಘೋಷಾ, ಅಪಾಲಾ ಎಂಬ ಹೆಂಗಸರ ಹೆಸರು ಹೇಳಿ ನಿಲ್ಲಿಸುತ್ತಾರೆ. ಜನ ದೇವತೆಗಳನ್ನು ಬೇಡುತ್ತಿದ್ದದ್ದು ಗಂಡುಮಕ್ಕಳನ್ನು ಅನ್ನುವುದನ್ನೂ ಸೇರಿಸಿ. ಆಗ ಚಿತ್ರ ಪೂರ್ತಿಯಾಗುತ್ತದೆ.

ದಿನದ ಬದುಕಿಗೆ ನನಗೆ ತುಂಬಾ ಇಷ್ಟವಾದದ್ದು ಜೂಜುಕೋರನ ಸೂಕ್ತ (10.34). ತಾರೆಕಾಯಿಯ ದಾಳ ಉರುಳಿಸಿ ಎಲ್ಲವನ್ನೂ ಕಳೆದುಕೊಂಡವನ ಗೋಳು ಅದು. ಹೆಂಡತಿ ದೂರವಾಗಿದ್ದಾಳೆ, ಅತ್ತೆ ದ್ವೇಷಿಸುತ್ತಾಳೆ, ಸಾಲದ ಭಯ ಬೇರೆ. ಜೂಜು ಬಿಟ್ಟು ಹೊಲ ಉಳು ಅಂತ ಕೊನೆಗೆ ಬುದ್ಧಿಮಾತು ಬರುತ್ತದೆ. ಕುಟುಂಬ, ಮನರಂಜನೆ, ಬೇಸಾಯ ಮೂರಕ್ಕೂ ಇದೊಂದೇ ಸಾಕು. ಆದರೆ ಇದೂ 10ನೇ ಮಂಡಲದ್ದೇ, ಆ ಮಾತನ್ನು ಒಂದು ಸಾಲಿನಲ್ಲಿ ಹೇಳಿಬಿಡಿ.

ರಾಜಕೀಯವನ್ನು ಜಾಸ್ತಿ ಎಳೆಯಬೇಡಿ, ಪ್ರಶ್ನೆ ಸಮಾಜದ್ದು ಅಲ್ವಾ? ಸಭಾ, ಸಮಿತಿ ಎಂಬ ಜನರ ಕೂಟಗಳು, ಪರುಷ್ಣಿ (ಈಗಿನ ರಾವಿ) ನದಿಯ ಬಳಿ ಭರತ ಕುಲದ ರಾಜ ಸುದಾಸ ಗೆದ್ದ ದಾಶರಾಜ್ಞ (ಹತ್ತು ರಾಜರ) ಯುದ್ಧ, ಇಷ್ಟು ಸಾಕು. ಧರ್ಮಕ್ಕೆ ಇಂದ್ರ, ಅಗ್ನಿ, ಯಜ್ಞ. ಗುಡಿಗಳ ಮಾತು ಋಗ್ವೇದದಲ್ಲಿಲ್ಲ ಅನ್ನುವುದನ್ನು ಮರೆಯಬೇಡಿ.

ಈಗ ಪುಸ್ತಕ ಮುಚ್ಚಿ ಒಂದು ಉತ್ತರ ಬರೆದು ನೋಡಿ. ಯಾವ ಸಾಲಿಗೆ ಆಧಾರ ಸಿಗಲಿಲ್ಲವೋ ಆ ಭಾಗವನ್ನೇ ಮತ್ತೆ ಓದಿ.