ಪ್ರತಿಕ್ರಿಯೆ: 1958ರಲ್ಲಿ ಅಂಕ ಸಮ ಆದಾಗ ಗೆದ್ದವರು ಯಾರು?

ನಮಸ್ಕಾರ. ಬ್ರಿಟಿಷ್ ಟೂರಿಂಗ್ ಕಾರ್ (ಮಾಮೂಲಿ ಕಾರುಗಳನ್ನೇ ರೇಸಿಗೆ ಸಜ್ಜು ಮಾಡಿ ಓಡಿಸೋದು) ಚಾಂಪಿಯನ್‌ಶಿಪ್ಪಿನ ಮೊದಲ ವರ್ಷ, ಅಂದ್ರೆ 1958ರಲ್ಲಿ, ಇಬ್ಬರ ಅಂಕ ಸಮ ಆದಾಗ ಏನು ಮಾಡಿದರು ಅಂತ ಕೇಳಿದ್ದೀರಿ. ಗೆದ್ದವರು ಜಾಕ್ ಸಿಯರ್ಸ್. ಆದರೆ ಗೆದ್ದ ರೀತಿ ನನಗೆ ತುಂಬಾ ಇಷ್ಟ.

ಸಿಯರ್ಸ್ ಓಡಿಸಿದ್ದು ಆಸ್ಟಿನ್ ವೆಸ್ಟ್‌ಮಿನ್‌ಸ್ಟರ್. ಅವರಷ್ಟೇ ಅಂಕ ಗಳಿಸಿದ್ದ ಟಾಮಿ ಸಾಪ್‌ವಿತ್ ಹತ್ತಿರ ಇದ್ದದ್ದು ಅದಕ್ಕಿಂತ ಜೋರಾಗಿ ಓಡುವ 3.4 ಲೀಟರ್ ಜಾಗ್ವಾರ್. ಮತ್ತೆ ಅಂಕ ಸಮ ಆಗಿದ್ದು ಹೇಗೆ? ಎಂಜಿನ್ ಗಾತ್ರ ನೋಡಿ ಕಾರುಗಳನ್ನು ವರ್ಗ ಮಾಡಿದ್ದರು, ಅಂಕ ಸಿಗುತ್ತಿದ್ದದ್ದು ಆಯಾ ವರ್ಗದೊಳಗೆ.

ನಾಣ್ಯ ಚಿಮ್ಮಿ ತೀರ್ಮಾನ ಮಾಡೋಣ ಅಂತ ಸಲಹೆ ಬಂತು. ಇಬ್ಬರಿಗೂ ಅದು ಹಿಡಿಸಲಿಲ್ಲ. ವರ್ಷವಿಡೀ ಓಡಿಸಿ ಕೊನೆಗೆ ನಾಣ್ಯದ ಕೈಗೆ ಕೊಡೋದಾ, ಅಲ್ವಾ? ಅದಕ್ಕೇ ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್ ರೇಸ್ ಟ್ರ್ಯಾಕಿಗೆ ಒಂದೇ ಥರದ ಎರಡು ರೈಲಿ 1.5 ಕಾರು ತಂದರು. ಮಳೆ ಬೇರೆ. ಐದು ಸುತ್ತು ಓಡಿಸಿದರು. ಆಮೇಲೆ ಕಾರು ಅದಲು ಬದಲು ಮಾಡಿಕೊಂಡು ಮತ್ತೆ ಐದು ಸುತ್ತು. ಯಾವ ಕಾರು ಚೆನ್ನಾಗಿತ್ತು ಅನ್ನೋ ತಕರಾರಿಗೆ ಜಾಗವೇ ಇಲ್ಲ. ಎರಡೂ ಸಲದ ಸಮಯ ಕೂಡಿಸಿದಾಗ ಸಿಯರ್ಸ್ ಮುಂದಿದ್ದದ್ದು ಬರೀ 1.6 ಸೆಕೆಂಡ್!

1963ರಲ್ಲಿ ಸಿಯರ್ಸ್ ಮತ್ತೊಮ್ಮೆ ಚಾಂಪಿಯನ್ ಆದರು, ಆಗ ಫೋರ್ಡ್ ಕಾರುಗಳಲ್ಲಿ.