ಆರ್ಗನ್ ಕೇಳಿಸಿತು, ನುಡಿಸುವವರು ಕಾಣಲಿಲ್ಲ

ನಮಸ್ಕಾರ.

ನಿಮ್ಮ ಚರ್ಚಿನಲ್ಲಿ ಬಹಳ ವರ್ಷಗಳಿಂದ ಆರ್ಗನ್ ನುಡಿಸುತ್ತಿರುವ ಹಿರಿಯರ ಬಗ್ಗೆ, ಆರಾಧನೆಯಲ್ಲಿ ಸಂಗೀತಕ್ಕಿರುವ ಜಾಗದ ಬಗ್ಗೆ ನೀವು ಬರೆದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ‘ಕ್ಷಮಿಸಿ’ ಎಂದು ಒಂದು ಸಾಲು ಬರೆದು ಮುಗಿಸುವ ಲೇಖನವೂ ಇದಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ಮೊದಲ ಮೂರು ಪುಟ ತೆಗೆದುಬಿಡಿ. ಸಂಗೀತ ಆತ್ಮದ ಭಾಷೆ, ಸಂಗೀತಕ್ಕೆ ಗಡಿಯಿಲ್ಲ, ಸಂಗೀತವೇ ಪ್ರಾರ್ಥನೆ ಎಂದೆಲ್ಲ ಬರೆದಿದ್ದೀರಿ. ‘ದಿವ್ಯ’ ಎಂಬ ಪದ ಹನ್ನೊಂದು ಸಲ ಬಂದಿದೆ. ಇದೇ ಮಾತುಗಳನ್ನು ಭಜನೆಗೂ ಹೇಳಬಹುದು, ಕವ್ವಾಲಿಗೂ ಹೇಳಬಹುದು. ಹಾಗಾದರೆ ಆರ್ಗನ್ ಬಗ್ಗೆ ಏನು ಹೇಳಿದ ಹಾಗಾಯಿತು?

ಲೇಖನ ಶುರುವಾಗುವುದು ನಾಲ್ಕನೇ ಪುಟದಲ್ಲಿ. ಆ ಹಿರಿಯರು ಬಂದು ಬೆಂಚಿನ ಮೇಲೆ ಕೂರುತ್ತಾರೆ. ಹಾಕಿಕೊಂಡು ಬಂದ ಶೂ ಕಳಚಿ, ಚೀಲದಿಂದ ತೆಳು ಅಟ್ಟೆಯ ಬೇರೆ ಜೋಡಿ ತೆಗೆದು ಹಾಕಿಕೊಳ್ಳುತ್ತಾರೆ. ಎದುರಿಗೆ ಸಿಕ್ಕಿಸಿರುವ ಪುಟ್ಟ ಕನ್ನಡಿಯನ್ನು ಸರಿಮಾಡುತ್ತಾರೆ. ಇದನ್ನು ಓದಿ ನಾನು ನೆಟ್ಟಗೆ ಕೂತೆ. ನೀವೋ, ಎರಡೇ ವಾಕ್ಯ ಬರೆದು ಮತ್ತೆ ದಿವ್ಯತೆಗೆ ಹೊರಟುಹೋದಿರಿ! ಬೇರೆ ಶೂ ಯಾಕೆ? ಆರ್ಗನ್‌ನಲ್ಲಿ ಕಾಲಿಗೂ ಒಂದು ಕೀಲಿಮಣೆ ಇದೆ, ಮಂದ್ರದ ಸ್ವರಗಳನ್ನು ಪಾದದಿಂದ ನುಡಿಸಬೇಕು, ಅಟ್ಟೆ ದಪ್ಪವಿದ್ದರೆ ಯಾವ ಪಟ್ಟಿಯ ಮೇಲೆ ಕಾಲಿಟ್ಟೆವೆಂದು ಗೊತ್ತಾಗುವುದಿಲ್ಲ. ಕನ್ನಡಿ ಯಾಕೆ? ಅವರು ಕೂರುವುದು ಮಾಳಿಗೆಯಲ್ಲಿ, ಆಲ್ಟರ್‌ಗೆ, ಅಂದರೆ ಬಲಿಪೀಠಕ್ಕೆ, ಬೆನ್ನು ಹಾಕಿ. ಮುಂದೆ ಏನು ನಡೆಯುತ್ತಿದೆ ಎಂದು ತಿಳಿಯಲು ಅವರಿಗಿರುವುದು ಆ ಕನ್ನಡಿಯೊಂದೇ. ನಮ್ಮ ಓದುಗರಲ್ಲಿ ಹೆಚ್ಚಿನವರು ಚರ್ಚಿನ ಮಾಳಿಗೆ ಹತ್ತಿದವರಲ್ಲ. ಇದನ್ನೆಲ್ಲ ನೀವೇ ಹೇಳಬೇಕು.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ನಿಮ್ಮ ಲೇಖನದಲ್ಲಿ ಅವರು ನುಡಿಸುತ್ತಾರೆ, ಜನ ಮೈಮರೆತು ಕೇಳುತ್ತಾರೆ. ಅದು ಸಂಗೀತ ಕಚೇರಿ ಆಯಿತು. ಆರಾಧನೆಯಲ್ಲಿ ಹಾಡುವವರು ಸಭೆಯ ಜನ. ಆರ್ಗನ್ ನುಡಿಸುವವರು ಅವರನ್ನು ಹಾಡಿಸುವವರು. ಸ್ವರಜ್ಞಾನವೇ ಇಲ್ಲದ, ಬೆಳಿಗ್ಗೆ ಗಂಟಲು ಕಟ್ಟಿಕೊಂಡು ಬಂದ ಮುನ್ನೂರು ಜನ ಒಂದೇ ಉಸಿರಿನಲ್ಲಿ ಸಾಲು ಎತ್ತಬೇಕು, ಒಂದೇ ಕಡೆ ನಿಲ್ಲಿಸಬೇಕು. ಮೊದಲ ಸಾಲನ್ನು ಸುಮ್ನೆ ನುಡಿಸುವುದಲ್ಲ. ಶ್ರುತಿ ಎಷ್ಟು, ಓಟ ಎಷ್ಟು ಎಂದು ಅದರಲ್ಲೇ ಹೇಳಿಬಿಡಬೇಕು. ಸಾಲಿನ ಕೊನೆಗೆ ಬೆರಳು ಎತ್ತದಿದ್ದರೆ ಜನಕ್ಕೆ ಉಸಿರೆಳೆದುಕೊಳ್ಳಲು ಜಾಗವೇ ಇರುವುದಿಲ್ಲ. ದೊಡ್ಡ ಚರ್ಚಿನಲ್ಲಿ ಹಿಂದಿನ ಸಾಲಿನವರ ದನಿ ತಡವಾಗಿ ಬಂದು ಮುಟ್ಟುತ್ತದೆ. ಪಾಪ ಎಂದು ಅವರಿಗೆ ಕಾದರೆ ಆರ್ಗನ್ ನಿಧಾನವಾಗುತ್ತದೆ, ಅದನ್ನು ಕೇಳಿ ಜನ ಇನ್ನೂ ನಿಧಾನವಾಗುತ್ತಾರೆ. ಹಗ್ಗ ಹಿಡಿದವರು ಒಬ್ಬರಿಗೊಬ್ಬರು ಕಾಯುತ್ತಾ ತೇರು ನಿಂತ ಹಾಗೆ ಹಾಡು ನಿಲ್ಲುತ್ತದೆ. ಹಾಗಾಗಿ ಕಿವಿಗೆ ಬೀಳುವುದನ್ನು ನಂಬದೆ ನುಡಿಸುವುದನ್ನೂ ಕಲಿಯಬೇಕು. ಪ್ರಸಾದದ ಸಾಲು ಉದ್ದವಾದರೆ ಗೀತೆ ಮುಗಿದ ಮೇಲೂ ಏನಾದರೂ ಹೆಣೆಯುತ್ತಾ ಇರಬೇಕು. ಸಾಲು ಬೇಗ ಮುಗಿದರೆ ಎಲ್ಲಿದ್ದರೂ ಅಲ್ಲಿಂದ ಹದವಾಗಿ ಇಳಿದು ನಿಲ್ಲಿಸಬೇಕು. ಮದುವೆಯಲ್ಲಿ ಹುಡುಗಿ ತಡವಾಗಿ ಬಂದರೆ? ನುಡಿಸುತ್ತಲೇ ಇರಬೇಕು. ಸಾವಿನ ಮನೆಯವರಿಗೆ ದನಿಯೇ ಹೊರಡದಿದ್ದಾಗ ರಾಗವನ್ನು ಯಾವ ಅಲಂಕಾರವೂ ಇಲ್ಲದೆ ಎತ್ತಿ ಕೊಡಬೇಕು. ನಿಮ್ಮ ಹಿರಿಯರು ಇದನ್ನೆಲ್ಲ ಹೇಗೆ ಮಾಡುತ್ತಾರೆ? ಒಂದು ಭಾನುವಾರ ಹಾಡುವುದು ಬಿಟ್ಟು ಅವರ ಪಕ್ಕ ಕೂತು ನೋಡಿ.

ಜರ್ಮನ್ ಸಂಗೀತ ರಚನಕಾರ ಬಾಖ್ ಬಗ್ಗೆ ಬರೆದ ಪ್ಯಾರಾ ಹೊಗಳಿಕೆಯಲ್ಲೇ ಮುಳುಗಿದೆ. ನಿಮ್ಮ ವಿಷಯಕ್ಕೆ ಬೇಕಾದ ಬಾಖ್ ಬೇರೆ ಇದ್ದಾನೆ. ಜರ್ಮನಿಯ ಆರ್ನ್‌ಸ್ಟಾಟ್ ಎಂಬ ಸಣ್ಣ ಊರಿನ ಚರ್ಚಿನಲ್ಲಿ ಅವನಿಗೆ ಆರ್ಗನ್ ನುಡಿಸುವ ಕೆಲಸ. 1705ರಲ್ಲಿ ನಾಲ್ಕು ವಾರ ರಜೆ ಹಾಕಿ, ಹೆಸರಾಂತ ಆರ್ಗನ್ ವಾದಕ ಬುಕ್ಸ್‌ಟೆಹೂಡನ ಸಂಗೀತ ಕೇಳಲು ಸುಮಾರು 400 ಕಿಲೋಮೀಟರ್ ದೂರದ ಲ್ಯೂಬೆಕ್‌ಗೆ ನಡೆದೇ ಹೋದ. ವಾಪಸ್ ಬಂದದ್ದು ಸುಮಾರು ನಾಲ್ಕು ತಿಂಗಳ ಮೇಲೆ. 1706ರ ಫೆಬ್ರುವರಿಯಲ್ಲಿ ಚರ್ಚಿನ ಆಡಳಿತದವರು ಕರೆಸಿ ವಿಚಾರಿಸಿದರು. ರಜೆಯ ಮಾತು ಒಂದು ಕಡೆ. ಇನ್ನೊಂದು ದೂರು, ಗೀತೆಗಳ ನಡುವೆ ವಿಚಿತ್ರ ಸ್ವರಗಳನ್ನು ಸೇರಿಸಿ ಸಭೆಯನ್ನು ಗಲಿಬಿಲಿ ಮಾಡುತ್ತಾನೆ ಎಂಬುದು. ಮೊದಲು ಜಾಸ್ತಿ ಹೊತ್ತು ನುಡಿಸುತ್ತಿದ್ದ, ಅದು ಬೇಡ ಎಂದರೆ ತೀರಾ ಚುಟುಕಾಗಿ ಮುಗಿಸತೊಡಗಿದ ಎಂಬ ದೂರೂ ಇತ್ತು. ಆಗ ಅವನಿಗೆ 20 ವರ್ಷ. ಆ ಆಡಳಿತದವರನ್ನು ನೋಡಿ ನಗುವುದು ಸುಲಭ, ಎದುರಿಗೆ ನಿಂತವನು ಬಾಖ್ ಅಲ್ವಾ? ಆದರೆ ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ಹಾಡಲು ಬಂದ ಜನಕ್ಕೆ ಎಲ್ಲಿ ಹಾಡಬೇಕೆಂದೇ ತಿಳಿಯದಿದ್ದರೆ ಆ ಕೆಲಸ ಆಗಲಿಲ್ಲ ಅಂತಲೇ ಅರ್ಥ, ನುಡಿಸಿದವನು ಯಾರೇ ಆಗಲಿ.

‘ಮೊದಲ ದಿನದಿಂದಲೂ ಆರ್ಗನ್ ಚರ್ಚಿನ ವಾದ್ಯ’ ಎಂದಿದ್ದೀರಿ. ತಪ್ಪು. ಅದು ಹುಟ್ಟಿದ್ದು ಕ್ರಿಸ್ತಪೂರ್ವ 3ನೇ ಶತಮಾನದ ಅಲೆಕ್ಸಾಂಡ್ರಿಯಾದಲ್ಲಿ, ಕ್ಟೆಸಿಬಿಯಸ್ ಎಂಬ ಯಂತ್ರಗಾರನ ಕೈಯಲ್ಲಿ. ರೋಮನ್ನರು ಅದನ್ನು ಗ್ಲಾಡಿಯೇಟರ್ ಎಂಬ ಕತ್ತಿಮಲ್ಲರ ಕಾಳಗದ ಅಖಾಡದಲ್ಲೂ ನುಡಿಸಿದರು. ಪೂರ್ವದ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಹೆಚ್ಚಿನವು ಇವತ್ತಿಗೂ ವಾದ್ಯವಿಲ್ಲದೆಯೇ ಹಾಡುತ್ತವೆ. ಜ್ಯೂರಿಕ್‌ನ ಚರ್ಚ್ ಸುಧಾರಕ ಜ್ವಿಂಗ್ಲಿ ಸ್ವತಃ ಹಲವು ವಾದ್ಯ ಬಲ್ಲವನು. ಅವನ ಕಾಲದಲ್ಲೇ, 1527ರಲ್ಲಿ, ಅವನ ಚರ್ಚಿನ ಆರ್ಗನ್ ಅನ್ನು ಒಡೆದು ತೆಗೆದರು.

ಇದನ್ನು ಹೇಳಲು ಕಾರಣವಿದೆ. ಕೊನೆಯಲ್ಲಿ ಗಿಟಾರ್, ಡ್ರಮ್ ತರುವ ಹುಡುಗರನ್ನು ಚೆನ್ನಾಗಿ ಬೈದಿದ್ದೀರಿ. ಈ ಜಗಳ ಅವರಿಂದ ಶುರುವಾದದ್ದಲ್ಲ. 1903ರಲ್ಲಿ ಪೋಪ್ ಹತ್ತನೇ ಪಿಯುಸ್ ಚರ್ಚಿನೊಳಗೆ ಪಿಯಾನೊ, ಡ್ರಮ್ ಬೇಡ ಎಂದರು. ಆರ್ಗನ್ ಕೂಡ ಹಾಡಿಗೆ ಆಸರೆಯಾಗಲಿ, ಹಾಡನ್ನು ಮುಚ್ಚದಿರಲಿ ಎಂದರು. 1963ರಲ್ಲಿ ಕ್ಯಾಥೊಲಿಕರ ಎರಡನೇ ವ್ಯಾಟಿಕನ್ ಮಹಾಸಭೆ ಪೈಪ್ ಆರ್ಗನ್‌ಗೆ, ಅಂದರೆ ಕೊಳವೆಗಳಲ್ಲಿ ಗಾಳಿ ಹಾಯಿಸಿ ನುಡಿಸುವ ಆರ್ಗನ್‌ಗೆ, ದೊಡ್ಡ ಗೌರವ ಕೊಟ್ಟಿತು, ಆರಾಧನೆಗೆ ಒಪ್ಪುವ ಬೇರೆ ವಾದ್ಯಗಳಿಗೂ ಬಾಗಿಲು ತೆರೆಯಿತು. ನಿಮ್ಮ ಹಿರಿಯರಿಗೆ ನಿಜಕ್ಕೂ ಡ್ರಮ್ ಮೇಲೆ ಸಿಟ್ಟಿದೆಯಾ? ಅಥವಾ ಅದು ನಿಮ್ಮ ಸಿಟ್ಟಾ? ಅವರನ್ನೇ ಕೇಳಿ ಬರೆಯಿರಿ.

ಇನ್ನೊಂದು ಗೊಂದಲ. ಒಂದು ಪುಟದಲ್ಲಿ ಕ್ಯಾಥೊಲಿಕರ ಫಾದರ್ ಬರುತ್ತಾರೆ, ಮುಂದಿನ ಪುಟದಲ್ಲಿ ಪ್ರೊಟೆಸ್ಟಂಟರ ಪಾಸ್ಟರ್. ನಿಮ್ಮದು ಯಾವ ಚರ್ಚು? ಶುಭ ಶುಕ್ರವಾರ ಆರ್ಗನ್ ಒಂದೇ ಅರ್ಧ ಗಂಟೆ ಗುಡುಗಿತು ಎಂದು ಬರೆದಿದ್ದೀರಿ. ಕ್ಯಾಥೊಲಿಕರಲ್ಲಿ ಪವಿತ್ರ ಗುರುವಾರದ ಮಹಿಮಾಗೀತೆಯಿಂದ (‘ಗ್ಲೋರಿಯಾ’) ಈಸ್ಟರ್ ಜಾಗರಣೆಯ ಮಹಿಮಾಗೀತೆಯವರೆಗೆ ವಾದ್ಯ ಬರುವುದಾದರೆ ಹಾಡಿಗೆ ಆಸರೆಯಾಗಿ ಮಾತ್ರ. ಬಲ್ಲ ಓದುಗರು ಅಲ್ಲೇ ಹಿಡಿಯುತ್ತಾರೆ. ಹಾಗೆಯೇ ‘ಸಾವಿರ ಕೊಳವೆಗಳು’. ಬೆಂಗಳೂರಿನ ಸೇಂಟ್ ಆಂಡ್ರ್ಯೂಸ್, ಸೇಂಟ್ ಮಾರ್ಕ್ಸ್‌ನಂಥ ಕೆಲವು ಕಡೆ ಪೈಪ್ ಆರ್ಗನ್ ಇದೆ. ಉಳಿದ ಬಹಳಷ್ಟು ಕಡೆ ಇರುವುದು ಎಲೆಕ್ಟ್ರಾನಿಕ್ ಕೀಬೋರ್ಡ್ ಅಥವಾ ಹಾರ್ಮೋನಿಯಂ. ಕರೆಂಟ್ ಹೋಗಿ ಆರ್ಗನ್ ನಿಂತಿತು ಎಂದಿದ್ದೀರಿ. ಪೈಪ್ ಆರ್ಗನ್‌ಗೂ ಈಗ ಗಾಳಿ ತುಂಬುವುದು ಮೋಟರ್, ಅದರಿಂದಲೂ ಗೊತ್ತಾಗುವುದಿಲ್ಲ. ಕೀಬೋರ್ಡ್ ಆದರೆ ಕೀಬೋರ್ಡ್ ಅಂತಲೇ ಬರೆಯಿರಿ, ಅದರಲ್ಲಿ ನಾಚಿಕೆ ಏನಿದೆ?

ಕನ್ನಡದ ಮಾತೇ ಇಲ್ಲದಿರುವುದು ನನಗೆ ಬೇಜಾರು ತಂದಿತು. 1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ ಬಂದ ಮೇಲೆ ಜರ್ಮನ್ ರಾಗಗಳಿಗೆ ಕನ್ನಡದ ಸಾಲು ಕೂರಿಸಿದರು. ರಾಗ ಎಳೆಯುವ ಜಾಗದಲ್ಲಿ ನಮ್ಮ ಹ್ರಸ್ವ ಅಕ್ಷರ ಬಂದರೆ ಏನು ಮಾಡುವುದು? ನಿಘಂಟಿನ ಕಿಟೆಲ್ 1862ರಲ್ಲಿ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಹೇಳಿದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು. ಹ್ರಸ್ವ ಅಕ್ಷರದ ಆ ತೊಡಕು ಈಗಲೂ ಪ್ರತಿ ಭಾನುವಾರ ನಿಮ್ಮ ಹಿರಿಯರ ಬೆರಳಿನ ಕೆಳಗೆ ಬರುತ್ತಿರಬೇಕು. ಕನ್ನಡ ಗೀತೆಗೂ ಇಂಗ್ಲಿಷ್ ಗೀತೆಗೂ ಅವರ ಕೈ ಬೇರೆ ನಡೆಯುತ್ತದಾ? ನನಗೆ ಓದಬೇಕಿರುವುದು ಅದು.

ಒಂದೂವರೆ ಸಾವಿರ ಪದದೊಳಗೆ ಮತ್ತೆ ಬರೆದು ಕಳಿಸಿ. ನವೆಂಬರ್ ಮೊದಲ ವಾರದೊಳಗೆ ಬಂದರೆ ಕ್ರಿಸ್‌ಮಸ್ ಸಂಚಿಕೆಗೆ ನೋಡುತ್ತೇನೆ. ಅವರ ಹೆಸರು, ಫೋಟೊ ಹಾಕುವುದಾದರೆ ಮೊದಲು ಅವರ ಒಪ್ಪಿಗೆ ಕೇಳಿ.

ಸಂಪಾದಕ