ಕೊರ್ಲಾಯಿಯ ಮಾತು ಮುಂಬೈಯಲ್ಲಿ ಉಳಿದೀತೇ?

ನಿಮ್ಮ ಪ್ರಶ್ನೆ ಎರಡು: ಕೊಚ್ಚಿಯ ಪೋರ್ಚುಗೀಸ್ ಕ್ರಿಯೋಲ್ (ಪೋರ್ಚುಗೀಸ್ ಸ್ಥಳೀಯ ಮಾತಿನೊಡನೆ ಬೆರೆತು ಹುಟ್ಟಿದ ಭಾಷೆ) ಅಳಿದರೂ ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಕೊರ್ಲಾಯಿಯದು ಹೇಗೆ ಉಳಿಯಿತು, ಹುಡುಗರು ಮುಂಬೈಗೆ ಹೊರಟ ಮೇಲೆ ಏನು ಗತಿ?

ಮೊದಲನೆಯದಕ್ಕೆ ಉತ್ತರ ಸುಲಭ. 1740ರಲ್ಲಿ ಪೋರ್ಚುಗೀಸರು ಕೊರ್ಲಾಯಿಯ ನೆರೆಯ ಚೌಲ್ ಬಿಟ್ಟು ಹೋದರು, ಭಾಷೆ ಮಾತ್ರ ಕೊರ್ಲಾಯಿ ಕೋಟೆಯ ಕೆಳಗಿನ ಹಳ್ಳಿಯ ಕ್ರೈಸ್ತರಲ್ಲಿ ಉಳಿಯಿತು. ಸುತ್ತಲೂ ಮರಾಠಿ, ಈ ಕ್ರೈಸ್ತರು ತಮ್ಮೊಳಗೇ ಮದುವೆಯಾಗಿ, ತಮ್ಮೊಳಗೇ ಮಾತನಾಡಿಕೊಂಡರು. ಪೋರ್ಚುಗೀಸಿನ 'ನೊಸ್ಸಾ ಲಿಂಗ್ವಾ' ಅವರ ಬಾಯಲ್ಲಿ ಸವೆದು 'ನೌ ಲಿಂಗ್', ಅಂದರೆ 'ನಮ್ಮ ಭಾಷೆ', ಆಯಿತು. ಮರಾಠಿಯ ಸಹವಾಸದಲ್ಲಿ ಕ್ರಿಯಾಪದವೂ ವಾಕ್ಯದ ಕೊನೆಗೆ ಸರಿಯಿತು: 'ತಿಂದೆ ಮೀನು' ಎನ್ನುತ್ತಿದ್ದವರು ನಮ್ಮಂತೆ 'ಮೀನು ತಿಂದೆ' ಎನ್ನತೊಡಗಿದ ಹಾಗೆ. ಕೆಲವರು ಇದನ್ನು ಕೆಟ್ಟ ಪೋರ್ಚುಗೀಸ್ ಎಂದು ಮೂಗು ಮುರಿಯುತ್ತಾರೆ. ನನಗಂತೂ ಆ ಮಾತು ಬದುಕಿದ್ದೇ ಹಾಗೆ ಬಾಗಿದ್ದರಿಂದ ಎನಿಸುತ್ತದೆ.

ಕೊಚ್ಚಿಯ ಕ್ರಿಯೋಲನ್ನು ನಿರರ್ಗಳವಾಗಿ ಆಡುತ್ತಿದ್ದ ಕೊನೆಯ ವ್ಯಕ್ತಿ ವಿಲಿಯಂ ರೊಜಾರಿಯೊ 2010ರಲ್ಲಿ ತೀರಿಕೊಂಡರು. ಅದಕ್ಕೂ ಮೊದಲೇ ಅವರೊಡನೆ ಆ ಭಾಷೆಯಲ್ಲಿ ಹರಟುವವರು ಇರಲಿಲ್ಲ.

ಇನ್ನು ಮುಂಬೈ. ತರಗತಿಗಳಿಂದ ಉಪಯೋಗವಿಲ್ಲ ಎನ್ನಲಾರೆ. ಮಲೇಷ್ಯಾದ ಮಲಕ್ಕಾ ಮೂಲದ, ಇಂಥದೇ ಪೋರ್ಚುಗೀಸ್ ಕ್ರಿಯೋಲ್ ಆದ ಕ್ರಿಸ್ತಾಂಗ್ ಭಾಷೆಗೆ ಸಿಂಗಪುರದಲ್ಲಿ 2016ರಿಂದ 'ಕೊಡ್ರಾ ಕ್ರಿಸ್ತಾಂಗ್' ಬಳಗ ಪಾಠ ನಡೆಸಿ ಹೊಸಬರನ್ನು ಕರೆತಂದಿದೆ. ಆದರೆ ಕೊರ್ಲಾಯಿಯವರಿಗೆ ಅದಕ್ಕಿಂತ ಅಗ್ಗದ ದಾರಿಯಿದೆ. ಅಜ್ಜಿ ಇನ್ನೂ ಊರಿನಲ್ಲಿದ್ದಾಳೆ. ರಜೆಯಲ್ಲಿ ಮಗುವನ್ನು ಅವಳ ಬಳಿ ಬಿಡಲಿ, ಉಳಿದ ದಿನ ಮೊಬೈಲಿನಲ್ಲಿ ಮಾತನಾಡಿಸಲಿ. ಒಂದೇ ಷರತ್ತು, ಅಪ್ಪ ಅಮ್ಮ ನಡುವೆ ಬಾಯಿ ಹಾಕಿ ಮರಾಠಿಗೆ ಅನುವಾದಿಸಬಾರದು.